ಜಪಾನಿನ ನಂಬರ್ ಒನ್

ಹಿಮಾಯತ್‌ನಗರ, ಹೈದರಾಬಾದ್
೨೪ ಅಕ್ಟೋಬರ್ ೧೯೯೯

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಕೆಮ್ಮು ಹೋಯಿತೇ? ಒಸಾಕಾದಲ್ಲಿ ಚಳಿ ಶುರುವಾಯಿತೆಂದು ಬರೆದಿದ್ದಿರಿ. ಸ್ವೆಟರ್ ಪೆಟ್ಟಿಗೆಯ ತಳದಲ್ಲಿದೆ, ಬಿಂಕ ಬಿಟ್ಟು ಹಾಕಿಕೊಳ್ಳಿ. ಟ್ರೇನಿಂಗ್ ಮುಗಿಯುವವರೆಗೆ ಚಟ್ನಿಪುಡಿ ಸಾಕಾಗದಿದ್ದರೆ ತಿಳಿಸಿ, ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ಈ ದಸರೆಯಲ್ಲಿ ಹೊಟ್ಟೆ ತಣ್ಣಗಾಗುವಷ್ಟು ಚೆನ್ನಾಗಿದ್ದೇನೆ.

ಹೋದ ತಿಂಗಳು ಫೋನಿನಲ್ಲಿ ನಾನು ಹೇಳಿಕೊಟ್ಟಂತೆಯೇ ಪತ್ರ ಬರೆದಿರಿ, 'ಈ ವಾರ ಜಪಾನಿನಲ್ಲಿ ನಂಬರ್ ಒನ್ ಆದ ಆಟವನ್ನೇ ಎಷ್ಟು ಸಿಕ್ಕರೆ ಅಷ್ಟು ತರಿಸು' ಎಂದು. ಯಾಕೆ ಎಂದು ಕೇಳಿದಿರಿ, ಆಮೇಲೆ ಹೇಳುತ್ತೇನೆ ಎಂದೆ. ಈಗ ಕೇಳಿ.

ನೀವು ವಿಮಾನ ಹತ್ತಿದ ಮರುವಾರವೇ ನಿಮ್ಮ ಅಣ್ಣ ವೈಜನಾಥ ಭಾವ ನಮ್ಮ ವಿಡಿಯೋ ಗೇಮ್ ಅಂಗಡಿಗೆ ಬೇರೆ ಬೀಗ ಹಾಕಿ, ತಾವೇ ವ್ಯಾಪಾರಕ್ಕೆ ಕೂತದ್ದು ನಿಮಗೆ ಗೊತ್ತು. "ಹೆಣ್ಮಕ್ಕಳು ಹುಡುಗರಿಗೆ ಆಟ ಆಡಸ್ಕೋತ ಕೂಡೂದು ಛಲೋ ಅಲ್ಲವಾ" ಎಂದು ಗಿರಾಕಿಗಳ ಎದುರೇ ನನ್ನನ್ನು ಎಬ್ಬಿಸಿದರು. ನೀವು 'ಅಣ್ಣ ಹಿರಿಯ, ಸುಮ್ಮನಿರು' ಎಂದಿರಿ. ಸುಮ್ಮನೆ ಎದುರು ಸಾಲಿನಲ್ಲಿ ಸಣ್ಣ ಖೋಲಿ ಹಿಡಿದು ನನ್ನದೇ ಅಂಗಡಿ ಹಾಕಿಕೊಂಡು ಕೂತೆ. ಆದರೆ ಒಂದು ಮಾತು ನಿಮ್ಮಿಂದ ಮುಚ್ಚಿಟ್ಟಿದ್ದೆ. ಭಾವ ಪೋಸ್ಟ್‌ಮ್ಯಾನ್‌ಗೆ "ಒಂದ ಮನಿಯವ್ರು, ಇಲ್ಲೇ ಕೊಡು" ಎಂದು ಹೇಳಿ ನಿಮ್ಮ ಪತ್ರಗಳನ್ನೆಲ್ಲ ತಾವೇ ಇಸಿದುಕೊಂಡು, ಸಂಜೆಗೆ ನನಗೆ ಕಳಿಸುತ್ತಿದ್ದರು. ಲಕೋಟೆಯ ಅಂಚಿನಲ್ಲಿ ಒಣಗಿದ ಅನ್ನದ ಅಗುಳು ಅಂಟಿರುವುದು ಕಂಡಾಗಲೂ, ಅವರು ಬಿಚ್ಚಿ ಓದಿ ಮತ್ತೆ ಅಂಟಿಸುತ್ತಾರೆಂದು ನಾನು ನಂಬಲಿಲ್ಲ. ಚೌತಿಯ ದಿನ ಪಂಕ್ತಿಯಲ್ಲಿ, ಎಲ್ಲರೆದುರು, "ಯಾಕ ಗುಬ್ಬಿ, ಇನ್ನೊಂದ್ ಹೋಳಿಗಿ ಹಾಕಲೇನು?" ಎಂದು ನಕ್ಕರಲ್ಲ, ಆಗ ನಂಬಿದೆ. ಗುಬ್ಬಿ! ನೀವು ಪತ್ರದಲ್ಲಲ್ಲದೆ ಬಾಯಲ್ಲಿ ಎಂದೂ ಕರೆಯದ ಹೆಸರು. ಮೈಯೆಲ್ಲ ಉರಿದುಹೋಯಿತು. ಬೀಗ ಹಾಕಿದ್ದನ್ನು ಮರೆಯುತ್ತಿದ್ದೆನೇನೋ. ಇದನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಅವರಿಗೆ ಬೇಕಿದ್ದದ್ದು ನೀವು ವಾರವಾರ ಪತ್ರಿಕೆಯಿಂದ ಕತ್ತರಿಸಿ ಕಳಿಸುವ, ಅಲ್ಲಿನ ಆಟಗಳ ಮಾರಾಟದ ಪಟ್ಟಿ. ನೀವು ಟಿಕ್ ಹಾಕಿದ ಆಟಕ್ಕೆ ನಾನು ಚೆನ್ನೈ ಏಜೆಂಟನಿಗೆ ಫೋನ್ ಮಾಡುವಷ್ಟರಲ್ಲಿ ಅವರ ಆರ್ಡರ್ ಹೋಗಿಯಾಗಿರುತ್ತಿತ್ತು. ಆದರೆ ನೀವು ಮೊದಲನೆಯದನ್ನು ಬಿಟ್ಟು ಏಳನೆಯದಕ್ಕೋ ಎಂಟನೆಯದಕ್ಕೋ ಯಾಕೆ ಟಿಕ್ ಹಾಕುತ್ತೀರಿ ಎಂದು ಆ ಮಹಾನುಭಾವರು ಒಮ್ಮೆಯೂ ಯೋಚಿಸಲಿಲ್ಲ. ಅಲ್ಲಿಯವರು ಮುಗಿಬಿದ್ದು ಕೊಂಡದ್ದು ಕಥೆಯ ಆಟ, ಪರದೆ ತುಂಬ ಜಪಾನಿ ಅಕ್ಷರ. ನಮ್ಮ ಹುಡುಗರಿಗೆ ಬೇಕಾದ್ದು ಗುದ್ದಾಟ, ಕಾರು, ಫುಟ್‌ಬಾಲ್. ಅದಕ್ಕೆ ಓದು ಬರಹ ಬೇಕಿಲ್ಲ.

ದಸರೆಗೆ ಭಾವ ನಿಮ್ಮ ಆ ಪತ್ರ ನಂಬಿ, ಬೀರು ತುಂಬ ಆ ಕಥೆಯ ಆಟವನ್ನೇ ಪೇರಿಸಿ, 'ಜಪಾನ್ ನಂಬರ್ ಒನ್' ಎಂದು ಬಾಗಿಲಿಗೆ ಬ್ಯಾನರ್ ಕಟ್ಟಿದರು. ನಾನು ನನ್ನ ಖೋಲಿಯ ಹೊಸ್ತಿಲಲ್ಲಿ ಪುಟಾಣಿ ಕಡಲೆ ತಿನ್ನುತ್ತ ನಿಂತು ನೋಡಿದೆ. ಪರದೆಯಲ್ಲಿ ಒಬ್ಬ ರಾಜ ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಇದ್ದ. ಹುಡುಗರು "ಅಂಕಲ್, ಲಡಾಯಿ ಕಬ್ ಶುರೂ ಹೋತಿ? ಕಾಯ್ಕು ಇತ್ತಾ ಪಢ್ನಾ?" ಎಂದು, ಹೊಡೆದಾಟ ಯಾವಾಗ, ಇಷ್ಟೆಲ್ಲ ಯಾಕೆ ಓದಬೇಕು ಎಂದು ಗಲಾಟೆ ಮಾಡಿ, ರಸ್ತೆ ದಾಟಿ ನನ್ನ ಖೋಲಿಗೆ ಬಂದರು. ಕೊಂಡುಹೋದವರು ಡಿಸ್ಕ್ ತಂದು ಮೇಜಿನ ಮೇಲೆ ಎಸೆದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಅಂದು ಶಾವಿಗೆ ಪಾಯಸ ಮಾಡಿ ಒಬ್ಬಳೇ ತಿಂದೆ.

ನಿನ್ನೆ ಭಾವ ಬಂದಿದ್ದರು. "ಶೋಭಾ, ಒಂದಿಷ್ಟ ಡಿಸ್ಕ್ ನಿನ್ನ ಅಂಗಡ್ಯಾಗ ಇಟಗೋವಾ, ಮರ್ಯಾದಿ ಉಳಸು" ಎಂದರು. "ಮೊದಲ ನಮ್ಮ ಅಂಗಡಿ ಕೀಲಿ ಕೊಡ್ರಿ" ಎಂದೆ. "ದತ್ತೂ ಹೇಳ್ಲಿ, ಕೊಡ್ತೀನಿ. ಅವ ನನ್ನ ಮಾತ ಮೀರಾಂವಲ್ಲ" ಎಂದು ಜೇಬು ತಟ್ಟಿಕೊಂಡು ಹೋದರು. ನೀವು ಏನೂ ಹೇಳುವುದಿಲ್ಲವೆಂಬ ಧೈರ್ಯ ಅವರಿಗೆ. ನಿಜ ಹೇಳಬೇಕೆಂದರೆ, ನನಗೂ ಅದೇ ಭಯ.

ಹೊತ್ತಿಗೆ ಸರಿಯಾಗಿ ಉಣ್ಣಿ. ತುಳಜಾಭವಾನಿ ನಿಮ್ಮನ್ನು ಕಾಯಲಿ.

ನಿಮ್ಮ
ಶೋಭಾ

ತಾ.ಕ.: ಪೋಸ್ಟ್‌ಮ್ಯಾನ್ ಇನ್ನೂ ಪತ್ರಗಳನ್ನು ಅಲ್ಲಿಯೇ ಕೊಡುತ್ತಾನೆ. ಬೇಕೆಂದೇ ತಡೆದಿಲ್ಲ. ಈ ಸಲ ಪಟ್ಟಿ ಬೇಡ. ದಪ್ಪ ಅಕ್ಷರದಲ್ಲಿ ಇಷ್ಟೇ ಬರೆಯಿರಿ: 'ಗುಬ್ಬಿ, ಈ ಪತ್ರವನ್ನು ನಿನಗಿಂತ ಮೊದಲು ಓದುತ್ತಿರುವ ಅಣ್ಣನಿಗೆ ಹೇಳು, ಅಂಗಡಿಯ ಕೀಲಿ ನಿನ್ನ ಕೈಗೆ ಕೊಡಲಿ.' ಆಮೇಲೆ ಅದಕ್ಕೆ ಅವರೇ ಅಗುಳು ಹಚ್ಚಿ, ಮುಚ್ಚಿ, ನನಗೆ ಕಳಿಸಲಿ.