ಹುಲ್ಲಿನ ಮೇಲಿನ ಬಿಳಿ ನೂಲು

ಡಿಸೆಂಬರ್ ೧೯, ಶುಕ್ರವಾರ

ಈಗ ನಗು ಬರುತ್ತಿದೆ. ಬೆಳಗ್ಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ನಾನು ಹುಲ್ಲು ನೋಡಿಕೊಳ್ಳುವ ಗಾಲ್ಫ್ ಮೈದಾನದಲ್ಲಿ, ಚೆಂಡು ಬೀಳುವ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೆ, ಹತ್ತಿ ಎಳೆದಂಥ ಬಿಳಿ ನೂಲು. ಹೋದ ಚಳಿಗಾಲದಲ್ಲಿ ಬೂಷ್ಟು ರೋಗ ಹೀಗೇ ಶುರುವಾಗಿ ಹುಲ್ಲೆಲ್ಲ ಚುಕ್ಕೆ ಚುಕ್ಕೆಯಾಗಿ ಸುಟ್ಟಂತಾಗಿತ್ತು.

ಅದಕ್ಕೇ ಈ ಸಲ ರಾತ್ರಿಯಿಡೀ ಹುಲ್ಲು ಒದ್ದೆ ಇರಬಾರದೆಂದು ಸಂಜೆಯ ನೀರು ನಿಲ್ಲಿಸಿದ್ದೇನೆ. ಬೆಳಗಾಗುತ್ತಲೇ ಜೊತೆಗೆ ಕೆಲಸ ಮಾಡುವ ಅಣ್ಣಮ್ಮನೂ ನಾನೂ ಹುಲ್ಲಿನ ಮೇಲೆ ಉದ್ದನೆ ಹಗ್ಗ ಎಳೆದು ಇಬ್ಬನಿ ಕೊಡವುತ್ತೇವೆ. “ಭಾನುವಾರ ಟೂರ್ನಮೆಂಟು, ನೀವು ಹುಲ್ಲು ಒಣಗಿಸ್ತಿದೀರಲ್ಲ ಮೇಡಂ,” ಎಂದು ಕ್ಲಬ್ಬಿನ ಕಾರ್ಯದರ್ಶಿ ಬದರಿನಾಥ್ ದಿನಾ ರೇಗುತ್ತಾರೆ.

ಮಂಡಿಯೂರಿ ನೂಲನ್ನು ಬೆರಳಿಂದ ಮುಟ್ಟಿದೆ. ಒಳಗಿಂದ ಪುಟ್ಟ ಜೇಡ ಓಡಿ ಬಂತು.

“ರೋಗ ಅಲ್ವಾ ಅಕ್ಕ?” ಅಣ್ಣಮ್ಮ ಕೇಳಿದಳು.

“ಅಲ್ಲ ಕಣೇ. ಯಾರದೋ ಮನೆ.”

ಇಬ್ಬರೂ ಅಲ್ಲೇ ಕೂತುಬಿಟ್ಟೆವು. ಆಮೇಲೆ ಹುಲ್ಲಿನ ಬುಡ ಬಿಡಿಸಿ ಬಿಡಿಸಿ ನೋಡಿದೆ, ಎಲ್ಲೂ ಒಂದು ಚುಕ್ಕೆಯಿಲ್ಲ. ಸಂಜೆ ಮನೆಗೆ ಬರುವಾಗ ಬೇಗೂರಿನಿಂದ ಬನಶಂಕರಿಯವರೆಗೂ ಬಸ್ಸಿನಲ್ಲಿ ಒಳ್ಳೆ ನಿದ್ದೆ.

ನಾಳೆ ಆ ಜೇಡ ಇರುವ ಮೂಲೆಯಲ್ಲಿ ಮಾತ್ರ ಹಗ್ಗ ಎಳೆಯುವುದು ಬೇಡ ಎಂದು ಅಣ್ಣಮ್ಮನಿಗೆ ಹೇಳಿ ಬಂದೆ. ಅಲ್ಲಿ ಇಬ್ಬನಿ ನಿಂತರೆ... ನಿಲ್ಲಲಿ, ಒಂದು ದಿನ.