ಅವ್ವನನ್ನು ಸೇರಿಸುವ ದಿನ

ಮದ್ದೂರು
13 ಸೆಪ್ಟೆಂಬರ್ 2025, ಶನಿವಾರ

ಪ್ರೀತಿಯ ಕವಿತಾ,

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ಕಾಗದದ ಮೇಲ್ತುದಿಯಲ್ಲಿ ನಾನು ಯಾವಾಗಲೂ ಬರೆಯುವ ಕರ್ತನ ಕೃಪೆಯ ಸಾಲನ್ನು ಈ ಸಲ ಬರೆದಿಲ್ಲ. ಮರೆತದ್ದಲ್ಲ. ಅದನ್ನು ನೋಡಿದರೆ ನೀನು ಅಲ್ಲೇ ಮಡಚಿಡುತ್ತೀಯೇನೋ ಎಂಬ ಅನುಮಾನ. ನಿನ್ನ ಮಾತಿಗೆ ಹನ್ನೆರಡು ದಿನ ಉತ್ತರ ಕೊಡದೆ ಇದ್ದದ್ದು ತಪ್ಪು. ಫೋನಿನಲ್ಲಿ ನೀನು ಕೂಗುತ್ತೀಯ, ನಾನು ಸುಮ್ಮನಾಗುತ್ತೇನೆ, ಕೊನೆಗೆ ಚಾರ್ಜು ಇಲ್ಲ ಎಂದು ಯಾರೋ ಒಬ್ಬರು ಸುಳ್ಳು ಹೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ. ಇದು ನಾಲ್ಕನೆಯದು. ಮೊದಲಿನ ಮೂರನ್ನು ಹರಿದು ಹಾಕಿದೆ.

ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಅತ್ತಿಗೆ ಎಸ್ತರ್‌ಗೆ ಮಂಡಿನೋವು ಇದ್ದೇ ಇದೆ, ಆದರೂ ಅಂಗನವಾಡಿಗೆ ನಡೆದೇ ಹೋಗುತ್ತಾಳೆ. ನಾನು ಒಂಬತ್ತನೇ ತರಗತಿಗೆ ಗಣಿತ ಹೇಳಿಕೊಂಡು, ಭಾನುವಾರ ಸಭೆಯಲ್ಲಿ ವಾಕ್ಯ ಓದಿಕೊಂಡು ಇದ್ದೇನೆ. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಶಾಲೆಯಲ್ಲಿದ್ದರೆ ಮನೆಗೆ ಹೋಗೋಣ ಅನ್ನಿಸುತ್ತದೆ. ಮನೆಗೆ ಬಂದರೆ ಶಿಂಷಾ ಸೇತುವೆಯವರೆಗೆ ನಡೆದು ಬರೋಣ ಅನ್ನಿಸುತ್ತದೆ. ಸೇತುವೆಯ ಮೇಲೆ ನಿಂತಾಗ ಯಾಕೆ ಬಂದೆ ಎಂಬುದು ತಿಳಿಯುವುದಿಲ್ಲ.

ನೀನು ಹೇಳಿದ ಒಂದೊಂದು ಮಾತೂ ನೆನಪಿದೆ. "ಅವ್ವ ಓಗಿ ವರ್ಸ ತುಂಬ್ತು ಕಣಣ್ಣ. ಈ ಮಾಲಯ ಅಮಾಸೆಗೆ ಇರೀಕ್ರ ಜೊತೆ ಸೇರುಸ್ಬೇಕು. ಅಲ್ಲೀಗಂಟ ಅವ್ಳು ಒಸ್ಲಾಚೆ ನಿಂತಿರ್ತಾಳೆ. ಕೊಟ್ಟ ಎಣ್ಣು ನಾನು ತವರಲ್ಲಿ ಎಡೆ ಇಕ್ಕಂಗಿಲ್ಲ. ಇರೋನು ನೀನೊಬ್ಬ ಮಗ. ನೀನು ಬರಲ್ಲ ಅಂದ್ರೆ ನಂಗೆ ಅಣ್ಣನೇ ಇಲ್ಲ ಅಂದ್ಕತೀನಿ." ಅವತ್ತು ನೀನು ಊರಲ್ಲಿದ್ದೆಯಲ್ಲ, ಆಮೇಲೆ ಹಿಂದಿನಿಂದ ದೊಡ್ಡಪ್ಪನ ದನಿಯೂ ಕೇಳಿಸಿತು. "ಅವ್ನು ಏಸಪ್ಪನ್ನ ಮಾಡ್ಕಳ್ಳಿ, ಇನ್ಯಾವಪ್ಪನ್ನಾರ ಮಾಡ್ಕಳ್ಳಿ, ಉಣ್ಣೋ ಕೈ ಅದೇ ತಾನೆ? ಇಕ್ಕಾಕೇನ್ಲಾ ರೋಗ ಅದಕ್ಕೆ?" ನನಗೆ ನಗು ಬಂತು. ನೀನು ಅದನ್ನು ಬೇರೆ ಥರ ತಿಳಿದುಕೊಂಡೆ.

ಹೋದ ಗುರುವಾರ ವೈದ್ಯನಾಥಪುರದಲ್ಲಿ ಒಬ್ಬರ ಮನೆಯಲ್ಲಿ ಪ್ರಾರ್ಥನೆಕೂಟ ಇತ್ತು. ನಿತ್ಯಜೀವದ ಬಗ್ಗೆ ನಾನು ಮಾತಾಡಬೇಕಾಗಿತ್ತು. ಇಪ್ಪತ್ತು ವರ್ಷದಿಂದ ಮಾತಾಡಿದ್ದನ್ನೇ ಮಾತಾಡಿದೆ. ಕೊನೆಯಿಲ್ಲದ ಕಾಲ, ಕೊನೆಯಿಲ್ಲದ ಸ್ತುತಿ. ಸ್ಟೇಷನ್ ಹತ್ತಿರ ಸೊಪ್ಪು ಮಾರುವ ದೇವಿರಮ್ಮ ಈಚೆಗೆ ಸಭೆಗೆ ಸೇರಿದ್ದಾರೆ. ಕೈ ಎತ್ತಿ ಕೇಳಿದರು: "ಮುಗಿಯಾದೇ ಇಲ್ವಾ ಸಾಮಿ? ನಿಂತ್ಕಂಡೇ ಪದ ಆಡ್ಬೇಕಾ? ಸೊಂಟ ಏನಾಗ್ಬೇಕು?" ಎಲ್ಲರೂ ನಕ್ಕರು. ಅಲ್ಲಿ ಹೊಸ ದೇಹ ಸಿಗುತ್ತದೆ, ನೋವಿರುವುದಿಲ್ಲ ಎಂದೆ. ಆಕೆ ಬಿಡಲಿಲ್ಲ. "ನೋವೇ ಇಲ್ದಿದ್ರೆ ಒತ್ತು ಓಗಿದ್ದು ಎಂಗ್ ಗೊತ್ತಾಯ್ತದೆ?" ಅಂದರು. ಅದಕ್ಕೆ ಯಾರೂ ನಗಲಿಲ್ಲ. ನಾನು ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚಿದೆ.

ಶಾಲೆಯಲ್ಲಿ ಅನಂತ ನನಗೆ ಕಷ್ಟವಲ್ಲ. ಮಲಗಿಸಿದ ಎಂಟರಂಥ ಗುರುತೊಂದನ್ನು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತೇನೆ. ಅದರೊಳಗೆ ಒಬ್ಬ ಹೆಂಗಸನ್ನು ಕೂರಿಸಿ ನೋಡಲು ಹೋದರೆ ತಲೆ ಕೆಲಸ ಮಾಡುವುದಿಲ್ಲ. ಅವ್ವನನ್ನು ಒಂದು ಸಾವಿರ ವರ್ಷದವರೆಗೆ ಊಹಿಸಿಕೊಳ್ಳಬಲ್ಲೆ. ಗುಡಿಸಿರುತ್ತಾಳೆ, ತೊಳೆದಿರುತ್ತಾಳೆ, ಪಕ್ಕದವರ ಜೊತೆ ಒಂದು ಜಗಳ ಮುಗಿಸಿರುತ್ತಾಳೆ. ಆಮೇಲೆ? ಅಲ್ಲಿ ಸಂಜೆಯಾಗುವುದಿಲ್ಲವಂತೆ. ಸಂಜೆಯೇ ಆಗದ ಕಡೆ ಅವ್ವ ಯಾವಾಗ ಸೆರಗಿನಲ್ಲಿ ಮುಖ ಒರೆಸಿಕೊಂಡು ಜಗಲಿಗೆ ಬಂದು ಕೂರುತ್ತಾಳೆ?

ನಮ್ಮ ಮನೆಯವರಿಗೆ ಈ ತಾಪತ್ರಯವೇ ಇರಲಿಲ್ಲ. ನಿನಗೆ ನೆನಪಿರಬೇಕು, ಎಡೆ ಇಟ್ಟಾಗ ದೊಡ್ಡಪ್ಪ ಮೂರು ತಲೆಮಾರಿನ ಹೆಸರು ಮಾತ್ರ ಕೂಗುತ್ತಿದ್ದರು. ನಾನು ಕಾಲೇಜಿಗೆ ಹೋಗುವಾಗ ಒಂದು ಸಲ ಕೆಣಕಿದ್ದೆ, ಮೂರು ತಲೆ ದಾಟಿದವರು ಏನಾಗುತ್ತಾರೆ ದೊಡ್ಡಪ್ಪ, ಅವರಿಗೆ ಹಸಿವಾಗುವುದಿಲ್ಲವೇ ಎಂದು. "ಅವ್ರಿಗೂ ಸಾಕಾಗಿರ್ತದೆ ಕಣ್ಲಾ, ಬುಡು" ಅಂದಿದ್ದರು. ಇಷ್ಟು ವರ್ಷ ವಾಕ್ಯ ಓದಿದ ಮೇಲೆ ನನಗೆ ಅದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ. ಎಲೆಗಳ ಮುಂದೆ ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ನಾವೆಲ್ಲ ಹೊರಗೆ ಕೂರುತ್ತಿದ್ದೆವಲ್ಲ, ಅವರು ಬಂದು ಉಂಡು ಹೋಗಲಿ ಎಂದು. ಮಾತಾಡಬಾರದು, ಒಳಗೆ ಇಣುಕಬಾರದು. ಸತ್ತವರಿಗೆ ಎಷ್ಟು ಹೊತ್ತು ಬೇಕು ಎಂಬುದು ಆಗ ನಮಗೆ ಗೊತ್ತಿತ್ತು. ಅನ್ನ ಆರುವಷ್ಟು ಹೊತ್ತು.

ನಿನ್ನ ಮಾತನ್ನು ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ತಿಳಿಸಿದೆ. ಅವರು ಕೆಟ್ಟವರಲ್ಲ ಕವಿತಾ, ಮೆತ್ತಗೇ ಹೇಳಿದರು. "ನೀವು ಸಭೆಯ ಹಿರಿಯರು. ನೀವೇ ಎಡೆ ಇಟ್ಟರೆ ದೇವಿರಮ್ಮನಂಥವರಿಗೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ? ಆಮೇಲೆ ಪ್ರಭುಭೋಜನಕ್ಕೆ ನಿಮ್ಮನ್ನು ಕರೆಯುವುದಕ್ಕೂ ಆಗುವುದಿಲ್ಲ." ಹೊರಡುವಾಗ ನನ್ನ ಭುಜದ ಮೇಲೆ ಕೈಯಿಟ್ಟು, "ನಿಮ್ಮ ತಾಯಿ ದೀಕ್ಷಾಸ್ನಾನಕ್ಕೆ ಸಿದ್ಧವಾಗಿದ್ದರು. ಅವತ್ತು ಆಸ್ಪತ್ರೆಗೆ ನಿಮ್ಮ ತಂಗಿ ಬಂದು ಅತ್ತು ತಡೆಯದಿದ್ದರೆ ಈ ಯೋಚನೆಯೇ ಇರುತ್ತಿರಲಿಲ್ಲ" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಅದಾಗಿ ಮೂರನೆಯ ದಿನ ಎಸ್ತರ್ ಅವರೆಕಾಯಿ ಬಿಡಿಸುತ್ತ, ನನ್ನ ಮುಖ ನೋಡದೆ ಕೇಳಿದಳು. "ನೀವು ಯಾರಿಗೆ ಹೆದರಿಕೊಂಡು ಸೇತುವೆ ತನಕ ಹೋಗಿ ಬರ್ತಿದೀರಿ? ದೇವರಿಗಾ, ಕವಿತಂಗಾ?" ಇಬ್ಬರಿಗೂ ಅಲ್ಲ ಎಂದೆ. "ಹಂಗಾದ್ರೆ ಹೋಗಿ ಬನ್ನಿ. ಅತ್ತೆಗೋಸ್ಕರ ಹೋಗಿ. ನಾನು ಬರಲ್ಲ, ನಂಗೆ ಆಗಲ್ಲ. ಆದ್ರೆ ಹೋಗಬೇಡಿ ಅನ್ನಲ್ಲ." ಅವಳ ಕಣ್ಣು ತುಂಬಿತ್ತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಅವ್ವನ ತಲೆ ಬಾಚಿದವಳು ಅವಳು. ನಿನ್ನ ಮೇಲೆ ಅವಳಿಗೆ ಸಿಟ್ಟಿದೆ. ಅದರ ಕಾರಣವೂ ಅಯ್ಯನವರು ಹೇಳಿದ ಕಾರಣವೇ.

ನಾನು ಬರುತ್ತೇನೆ. ಇಪ್ಪತ್ತೊಂದನೇ ತಾರೀಖು ಭಾನುವಾರ ಬೆಳಿಗ್ಗೆ ಮಂಡ್ಯಕ್ಕೆ ಬಂದು ಅಲ್ಲಿಂದ ಕೆರಗೋಡು ಬಸ್ಸು ಹಿಡಿಯುತ್ತೇನೆ. ನೀನು ಮಳವಳ್ಳಿಯಿಂದ ಹಿಂದಿನ ದಿನವೇ ಹೋಗಿರುತ್ತೀಯಲ್ಲ, ದೊಡ್ಡಪ್ಪನಿಗೆ ತಿಳಿಸು. ಎಡೆ ನಾನೇ ಇಡುತ್ತೇನೆ. ಹಿರಿಯರ ಸ್ಥಾನ ಬಿಡುತ್ತೇನೆಂದು ನಿನ್ನೆ ಅಯ್ಯನವರಿಗೆ ಬರೆದುಕೊಟ್ಟೆ. ಕರ್ತನನ್ನು ಬಿಟ್ಟಿಲ್ಲ. ಆತ ನನ್ನನ್ನು ಬಿಡುತ್ತಾನೋ ಇಲ್ಲವೋ, ಅದು ಆತನಿಗೆ ಬಿಟ್ಟದ್ದು. ನಂಬಿಕೆಯಿಂದ ಇಡುತ್ತೀಯಾ ಎಂದು ಮಾತ್ರ ಕೇಳಬೇಡ. ಹಿರೀಕರ ಮನೆ, ಕರ್ತನ ಮನೆ, ಎರಡರಲ್ಲೂ ಅವ್ವ ಬಾಗಿಲಾಚೆ ನಿಂತಿದ್ದಾಳೆ. ಒಂದು ಬಾಗಿಲಾದರೂ ನನ್ನ ಕೈಗೆ ಎಟಕುತ್ತದೆ.

ನೀನೂ ನಿನ್ನ ಮಕ್ಕಳೂ ನೂರು ಕಾಲ ಚೆನ್ನಾಗಿರಿ. ನೂರು ಸಾಕು, ಅದಕ್ಕಿಂತ ಹೆಚ್ಚು ಹರಸುವುದು ನನಗೆ ಗೊತ್ತಿಲ್ಲ.

ನಿನ್ನ ಅಣ್ಣ,
ಜಯಪ್ರಕಾಶ್

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲಾಗದೆಯೇ ಮೂರು ಕಾಗದ ಹರಿದದ್ದು.

ಅವ್ವನನ್ನು ತಡೆದದ್ದು ನೀನಲ್ಲ. ನೀನು ಅತ್ತು ಮಳವಳ್ಳಿಗೆ ಹೋದ ಮೇಲೂ ಅವಳು ಒಪ್ಪಿಕೊಂಡೇ ಇದ್ದಳು. "ಅವ್ಳು ಅಳ್ಲಿ ಬುಡು, ನೀನಿರೋ ತಾವೇ ನಾನೂ ಇರ್ತೀನಿ" ಎಂದಿದ್ದಳು. ಮಾರನೆಯ ದಿನ ಹತ್ತು ಗಂಟೆಗೆ ಅಯ್ಯನವರು ಬರುವವರಿದ್ದರು. ಎಂಟು ಗಂಟೆಯ ಹೊತ್ತಿಗೆ, ಎಸ್ತರ್ ಕಾಫಿ ತರಲು ಕೆಳಗೆ ಹೋಗಿದ್ದಾಗ, ಅವ್ವ ಕೇಳಿದಳು. "ಮಗ, ಪಿತೃಪಕ್ಸದಲ್ಲಿ ಒಂದ್ಗಳಿಗೆ ಊರ್ಗೆ ಕಳುಸ್ತಾರಾ ಅಲ್ಲಿಂದ? ಎಡೆಗೆ ನಿಮ್ಮಪ್ಪ ಬತ್ತದೆ."

ನಾನು ಮೇಷ್ಟ್ರು. ಪ್ರಶ್ನೆ ಕೇಳಿದರೆ ಉತ್ತರ ಹೇಳಿ ಅಭ್ಯಾಸ. "ಇಲ್ಲ ಅವ್ವ, ಅಲ್ಲಿಂದ ಯಾರೂ ಬರೋ ಹಂಗಿಲ್ಲ" ಎಂದುಬಿಟ್ಟೆ. ಅವಳು ಬಹಳ ಹೊತ್ತು ಫ್ಯಾನು ನೋಡುತ್ತಿದ್ದಳು. "ಹಂಗಾರೆ ಬ್ಯಾಡ ಬುಡು. ನಿಮ್ಮಪ್ಪ ಒಂದೇ ಕುಂತ್ಕಂಡು ಉಣ್ಬೇಕಾಯ್ತದೆ" ಎಂದಳು. ಅಯ್ಯನವರು ಬಂದಾಗ ಗೋಡೆಯ ಕಡೆ ತಿರುಗಿಕೊಂಡಳು. ಎಲ್ಲರೂ ನಿನ್ನನ್ನು ಅಂದರು. ಹದಿನಾಲ್ಕು ತಿಂಗಳು ನಾನು ಅನ್ನಲು ಬಿಟ್ಟೆ.

ಅಲ್ಲಿನ ಒಂದು ದಿನ ಹೇಗಿರುತ್ತದೆಂದು ಕೂಡ ನನಗೆ ಗೊತ್ತಿರಲಿಲ್ಲ ಕವಿತಾ, ಈಗಲೂ ಗೊತ್ತಿಲ್ಲ. ಅಲ್ಲಿನ ಕಾನೂನು ಮಾತ್ರ ಹೇಳಿದೆ. ಗೊತ್ತಿಲ್ಲ ಅವ್ವ ಎಂದಿದ್ದರೆ ಸಾಕಾಗಿತ್ತು.

ಅಯ್ಯನವರಿಗೆ ನಾಳೆ ಹೇಳುತ್ತೇನೆ. ಎಸ್ತರ್‌ಗೆ ಇವತ್ತೇ ಹೇಳಬೇಕು. ಇದನ್ನು ಓದಿದ ಮೇಲೆ ಅವ್ವನ ಎಲೆಗೆ ನನ್ನ ಕೈ ಬೇಡ ಅನ್ನಿಸಿದರೆ ನೀನೇ ಇಡು. ಕೊಟ್ಟ ಹೆಣ್ಣು ಇಡಬಾರದು ಎಂದು ದೊಡ್ಡಪ್ಪ ಕೂಗಾಡಿದರೆ ನನ್ನ ಮೇಲೆ ಹಾಕು. ನಾನು ಬಾಗಿಲಲ್ಲಿ ನಿಂತು, ನಾನೇ ಹೇಳಿದ್ದು ಅನ್ನುತ್ತೇನೆ.