ನಾಲ್ಕನೇ ಜ್ವರ

ಅಕ್ಕೂರು, ಚನ್ನಪಟ್ಟಣ ತಾಲ್ಲೂಕು
18 ಡಿಸೆಂಬರ್ 2023, ಸೋಮವಾರ

ಚಿ. ಸೌ. ಮುನಿರತ್ನಾ,

ಹೇಗಿದ್ದೀಯವ್ವ? ಕೆಮ್ಮು ಹೋಯಿತೇ? ಊರಿನವರಿಗೆಲ್ಲ ಔಷಧಿ ಕುಡಿಸುವ ನರ್ಸಮ್ಮನಿಗೆ ತನಗೆ ಕೆಮ್ಮು ಬಂದರೆ ಒಂದು ಲೋಟ ನೀರು ಕಾಯಿಸಿಕೊಳ್ಳಲು ಸೋಮಾರಿತನ ಅಂತ ನಿನ್ನ ಗಂಡ ಗಂಗಹನುಮ ಚಾಡಿ ಹೇಳಿದ. ಮೆಣಸು, ಜೀರಿಗೆ, ಒಣಶುಂಠಿ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದೇನೆ, ಬರುವಾಗ ತರುತ್ತೇನೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅವನು ಈಗ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಲು ಹೋಗಿದ್ದಾನೆ. ನಾನು ಅಲ್ಲಿ ನಿನ್ನ ಜೊತೆ ಇರುವ ತಿಂಗಳು ಪೂರ್ತಿ ರೇಷ್ಮೆಹುಳ ಅವನೇ ನೋಡಿಕೊಳ್ಳುತ್ತಾನಂತೆ. ಹೋದ ಬೇಸಿಗೆಯಲ್ಲಿ ನಿನ್ನ ಹತ್ತಿರ ಬಂದು ಹೋದಾಗಿನಿಂದ ಅನ್ನ ಮಾಡುವುದನ್ನೂ ಕಲಿತಿದ್ದಾನೆ. ನನ್ನ ಕೈಲಿ ಮೂವತ್ತೈದು ವರ್ಷ ಆಗದ್ದನ್ನು ನೀನು ಮೂರು ವಾರದಲ್ಲಿ ಮಾಡಿಸಿದೆ.

ದಿನಾ ಫೋನಿನಲ್ಲಿ ಮಾತಾಡುವವಳು ಈಗ ಕಾಗದ ಯಾಕೆ ಬರೆದಳು ಅಂತ ಯೋಚಿಸಬೇಡ. ಬಲಗಣ್ಣಿನ ಪಟ್ಟಿ ಬಿಚ್ಚಿ ಒಂದು ತಿಂಗಳಾಯಿತು. ಅಕ್ಷರ ಕಾಣುವಾಗ ಬರೆಯದೆ ಇರುವುದು ಹೇಗೆ? ಮೊದಲ ಕಾಗದ ನಿನಗೇ ಬರೆಯಬೇಕು ಅನಿಸಿತು, ಯಾಕೆಂದರೆ ಈ ಕಣ್ಣು ನೀನು ನಿಮ್ಮೂರಿಗೆ ಬಾ ಅಂತ ಕಳಿಸಿದ ವಿಮಾನದ ಟಿಕೆಟ್ಟಿನಿಂದ ಬಂದದ್ದು. ಫೋನಿನಲ್ಲಿ ನಿನಗೆ ಅರ್ಧ ಕಥೆಯನ್ನಷ್ಟೇ ಹೇಳಿದ್ದೆ, ಪೂರ್ತಿ ಕೇಳು.

ನನ್ನ ವೀಸಾ ಮಾಡಿಸುವ ಟ್ರಾವೆಲ್ಸಿನ ಹುಡುಗಿ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಫೋನ್ ಮಾಡಿದಳಲ್ಲ, ಬೆರಳಚ್ಚು ಕೊಡಲು ಯಾವತ್ತು ಬರುತ್ತೀರಾ ಅಂತ. ನಾನು ಸೊಪ್ಪು ಕೊಡುತ್ತಾ ಕಿವಿಗೆ ಫೋನ್ ಸಿಕ್ಕಿಸಿಕೊಂಡು, “ಈಗ ಮೂರನೇ ಜ್ವರ ಕಣವ್ವ, ನಾಲ್ಕನೇ ಜ್ವರ ಎದ್ಮೇಲೆ ಬತ್ತೀನಿ” ಅಂದೆ. ಆ ಹುಡುಗಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಆಂಟಿ ಅಂತ ಮೆಲ್ಲಗೆ ಕೇಳಿದಳು. “ಒಬ್ರಿಗಾ? ನಲವತ್ತು ಸಾವ್ರಕ್ಕೂ ಒಂದೇ ಸಲ ಬಂದೈತೆ” ಅಂತ ಹೆಮ್ಮೆಯಿಂದ ಹೇಳಿದೆ. ಹುಳ ಎಲ್ಲಾ ಒಟ್ಟಿಗೆ ಕೂತರೆ ಹೆಮ್ಮೆ ಅಲ್ಲವೇ? ಪಾಪ, ನಾಲ್ಕು ಸಲ ಪೊರೆ ಬಿಡುವ ಹುಳ ಪ್ರತಿ ಸಲವೂ ಅದಕ್ಕೆ ಮೊದಲು ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ, ಪೊರೆ ಕಳಚಿ ಮತ್ತೆ ಮೇಯತೊಡಗಿದರೆ ಜ್ವರ ಎದ್ದಿತು ಅನ್ನುತ್ತೇವೆ ಅಂತ ಆ ಮಗುವಿಗೆ ಏನು ಗೊತ್ತು. ಆಗ ಹುಳವನ್ನು ಅಲ್ಲಾಡಿಸಬಾರದು, ಬಾಗಿಲು ತೆಗೆದು ಗಾಳಿ ಬಿಡಬಾರದು ಅಂತಲೂ ಅವಳಿಗೆ ಗೊತ್ತಿಲ್ಲ. ನಿನಗಾದರೆ ಗೊತ್ತು. ನೀನು ಊರು ಬಿಟ್ಟ ದಿನವೂ ನಾಲ್ಕನೇ ಜ್ವರವೇ ಇತ್ತಲ್ಲ, ಅದಕ್ಕೇ ನಾನು ಹುಳಮನೆಯಿಂದ ಆಚೆ ಬರಲಾಗಲಿಲ್ಲ.

ಇನ್ಶೂರೆನ್ಸಿನ ಫಾರಂನಲ್ಲಿ ಆ ಹುಡುಗಿ ನನಗೆ ಮೇಲಿಂದ ಮೇಲೆ ಜ್ವರ ಅಂತ ಬರೆದುಕೊಂಡು, ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಆಗುವುದಿಲ್ಲ ಅಂತ ಮೆಸೇಜ್ ಹಾಕಿದಳು. ಬಯ್ದುಕೊಂಡೇ ಚನ್ನಪಟ್ಟಣಕ್ಕೆ ಹೋದೆ. ವಿಷಯ ಕೇಳಿ ಡಾಕ್ಟರು ಕುರ್ಚಿ ಅಲುಗುವ ಹಾಗೆ ನಕ್ಕರು. ಬಂದದ್ದು ಬಂದಿರಿ ಅಂತ ಬಿ.ಪಿ., ಸಕ್ಕರೆ, ಎದೆ ಎಲ್ಲಾ ನೋಡಿ, ಕೊನೆಗೆ ಗೋಡೆಯ ಮೇಲಿನ ಅಕ್ಷರ ಓದಿ ಅಂದರು. ನನಗೆ ಗೋಡೆ ಕಾಣಿಸಿತು. ಎರಡು ಕಣ್ಣಿಗೂ ಪೊರೆ ಬಂದಿದೆ, ಈ ಕಣ್ಣಲ್ಲಿ ಅಷ್ಟು ದೂರ ಹೋಗಿ ಏನಮ್ಮಾ ನೋಡುತ್ತೀರಾ ಅಂದರು.

ಆಗ ನನಗೆ ಒಂದೊಂದೇ ಹೊಳೆಯಿತು. ಎರಡು ಬೆಳೆಯಿಂದ ನಾನು ಮೈ ತಿಳಿಯಾಗಿ ಗೂಡು ಕಟ್ಟಲು ತಯಾರಾದ ಹಣ್ಣುಹುಳ ಯಾವುದು, ಇನ್ನೂ ಮೇಯಬೇಕಾದ ಕಾಯಿಹುಳ ಯಾವುದು ಅಂತ ತಿಳಿಯದೆ ಸಿಕ್ಕಿದ್ದನ್ನೆಲ್ಲ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆ, ಬಲ್ಬು ಮಂಕು ಅಂತ ಗಂಗಹನುಮನ ಮೇಲೆ ರೇಗುತ್ತಿದ್ದೆ. ಅವನು ಮೂರು ಸಲ ಬಲ್ಬು ಬದಲಾಯಿಸಿದ. ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮ ಗೂಡು ಕೊಳ್ಳುವ ಹಬೀಬ್ ಸಾಬರು, “ಗೂಡೆಲ್ಲಾ ಕಲೆ ಕಣಮ್ಮ, ನಿಮ್ ಕೈ ಹಿಂಗಿರ್ಲಿಲ್ವಲ್ಲ” ಅಂದಾಗ ಅವರ ಮೇಲೂ ಮುನಿಸಿಕೊಂಡು ಬಂದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬಲಗಣ್ಣಿನ ಆಪರೇಷನ್ ಆಯಿತು. ಡಿಸೆಂಬರಿನ ಟಿಕೆಟ್ಟನ್ನು ಒಂದು ಮಾತೂ ಆಡದೆ ಫೆಬ್ರವರಿಗೆ ಬದಲಾಯಿಸಿದೆಯಲ್ಲ, ಅದಕ್ಕೆ ನಿನಗೆ ಎಷ್ಟು ಹೇಳಿದರೂ ಕಮ್ಮಿ. ಹೋದ ವಾರ ಹುಳ ಹಣ್ಣಾದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಒಳಗೆ ದೀಪ ಹಚ್ಚಿಟ್ಟ ಹಾಗಿತ್ತು. ನಾನು ಇದನ್ನು ಮರೆತೇ ಹೋಗಿದ್ದೆ ಮುನಿರತ್ನಾ. ಕೈಯಲ್ಲಿ ಹುಳ ಹಿಡಿದುಕೊಂಡು ಅತ್ತುಬಿಟ್ಟೆ, ಗಂಗಹನುಮ ಹೆದರಿ ಓಡಿಬಂದ. ಆಮೇಲೆ ನೀನು ಕಳಿಸಿದ, ನಿಮ್ಮೂರಿನ ರಾತ್ರಿ ಆಕಾಶದಲ್ಲಿ ಆಡುವ ಧ್ರುವದ ಬೆಳಕಿನ ವಿಡಿಯೋ ಮತ್ತೆ ಹಾಕಿಸಿಕೊಂಡು ನೋಡಿದೆ. ಮೊದಲು ನೋಡಿದಾಗ ಕಪ್ಪು ಬಿಟ್ಟು ಏನೂ ಕಂಡಿರಲಿಲ್ಲ, ಸುಮ್ಮನೆ ಚೆನ್ನಾಗಿದೆ ಅಂದಿದ್ದೆ. ಈಗ ಹಸಿರು ಕಂಡಿತು. ನಿಮ್ಮೂರಿನ ಆಕಾಶವೂ ಹಣ್ಣಾಗುತ್ತದೆ ಕಣೆ.

ಪಕ್ಕದ ಮನೆಯ ಬೈರಮ್ಮ, “ಸೊಸೆ ಕರದ್ಲು ಅಂತ ಹೋಗಿ ಐಸ್ ಪೆಟ್ಗೇಲಿ ಕೂತ್ಕೊಂಡೀಯಾ” ಅಂತ ದಿನಾ ಆಡಿಕೊಳ್ಳುತ್ತಾಳೆ. ಆಡಿಕೊಳ್ಳುತ್ತಲೇ ತನ್ನ ಉಲ್ಲನ್ ಶಾಲು ತಂದುಕೊಟ್ಟಳು. ಮಂಕಿ ಟೋಪಿ ಎರಡು ತೆಗೆದುಕೊಂಡಿದ್ದೇನೆ. ಸೀರೆಯ ಒಳಗೆ ಪ್ಯಾಂಟು ಹಾಕಿಕೊಳ್ಳಬೇಕು ಅಂದೆಯಲ್ಲ, ಹಾಕಿ ಹಜಾರದಲ್ಲಿ ನಡೆದು ನೋಡಿದೆ, ನಡೆಯಬಹುದು. ನಿನ್ನ ಮಾವ ಇದ್ದಿದ್ದರೆ ಫೋಟೋ ತೆಗೆಸಿ ಗೋಡೆಗೆ ಹಾಕುತ್ತಿದ್ದರು. ಒಂದು ವೇಳೆ ಮೋಡ ಮುಚ್ಚಿ ಬೆಳಕು ಕಾಣಲಿಲ್ಲ ಅಂದರೆ ನೀನು ಸಪ್ಪಗಾಗಬೇಡ. ನನಗೆ ನೀನು ಕಂಡರೆ ಸಾಕು.

ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ನಿನ್ನನ್ನು ತಣ್ಣಗೆ ಇಟ್ಟಿರಲಿ. ತಣ್ಣಗೆ ಅಂದರೆ ನಿಮ್ಮೂರಿನ ಹಾಗಲ್ಲ, ನಮ್ಮೂರಿನ ಹಾಗೆ. ನಿನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ ಅತ್ತೆ,
ಚಿಕ್ಕಲಕ್ಷ್ಮಮ್ಮ

ಒಂದು ಮರೆತೆ. ಮರೆತೆ ಅಂತ ಬರೆದೆ, ಮರೆತಿರಲಿಲ್ಲ, ಕೈ ಬರಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನೀನು ಊರು ಬಿಟ್ಟ ದಿನ ಹುಳಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ಗಂಡನನ್ನು ಬಿಟ್ಟು ಹೋಗುತ್ತಾಳಲ್ಲ ಅಂತ ಸಿಟ್ಟು ನನಗೆ. ಬಾಗಿಲು ಹಾಕಿಕೊಂಡು, ನಾಲ್ಕನೇ ಜ್ವರ, ತೆಗೆಯಲಾಗುವುದಿಲ್ಲ ಅಂತ ಒಳಗಿಂದಲೇ ಕೂಗಿದೆ. ತವರಿನಲ್ಲಿ ತಾಯಿಯಿಲ್ಲದವಳು, ನಾನೇ ಮಡಿಲು ತುಂಬಿ ಕಳಿಸಬೇಕು ಅಂತ ಹಿಂದಿನ ದಿನ ಅಳೆದಿಟ್ಟ ಅಕ್ಕಿ ನನ್ನ ತೊಡೆಯ ಮೇಲೇ ಇತ್ತು. ಕಾರು ಹೊರಟ ಸದ್ದು ಕೇಳಿದರೂ ಏಳಲಿಲ್ಲ. ಹುಳದ ತಟ್ಟೆಗಳನ್ನೆಲ್ಲ ಅದೇ ವಾರ ನೀನೇ ತೊಳೆದು ಬಿಸಿಲಿಗೆ ಇಟ್ಟಿದ್ದೆ, ಒಳಗೆ ಏನೂ ಇಲ್ಲ ಅಂತ ನಿನಗೆ ಗೊತ್ತಿತ್ತು. ಆದರೂ ಅಲ್ಲಿಗೆ ಹೋಗಿ ಇಳಿದ ಮೇಲೆ ಮೊದಲ ಫೋನಿನಲ್ಲಿ ನೀನು ಕೇಳಿದ್ದು, “ಅತ್ತೆ, ಹುಳ ಜ್ವರ ಎದ್ದವಾ?” ಅಂತ. ಅವತ್ತಿನಿಂದ ಇವತ್ತಿನವರೆಗೆ ಗಂಗಹನುಮನ ಹತ್ತಿರವೂ ನೀನು ನನ್ನ ಮಾನ ಕಳೆಯಲಿಲ್ಲ. ಎದ್ದಿದೆ ಕಣವ್ವ, ಈಗ ಎದ್ದಿದೆ. ಎರಡು ಸೇರು ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು ತರುತ್ತಿದ್ದೇನೆ. ವೀಳ್ಯದೆಲೆ ಬಿಡುತ್ತಾರೋ ಇಲ್ಲವೋ ನೀನೇ ವಿಚಾರಿಸಿ ಹೇಳು. ವಿಮಾನ ಇಳಿದ ಜಾಗದಲ್ಲೇ ಮಡಿಲು ತುಂಬುತ್ತೇನೆ, ಅಷ್ಟು ಜನರ ಮುಂದೆ ನಾಚಬೇಡ. ಸೆರಗಿಲ್ಲದಿದ್ದರೆ ಕೋಟಿನ ಅಂಚನ್ನೇ ಹಿಡಿದುಕೋ.